'ಆವು ಸಿಸ್ಟರ್' ಅಂದ್ರೆ ಅರ್ಥ ಆಯ್ತು ಅಂತಲ್ಲ: ವಾರ್ಡಿನಲ್ಲಿ ಮಾತಾಡುವ ಬಗೆ

ಮಂಗಳೂರಿನ ಒಂದು ಆಸ್ಪತ್ರೆಯಲ್ಲಿ ನಾನು ನರ್ಸ್ ಕೆಲಸಕ್ಕೆ ಸೇರಿ ಇನ್ನೂ ವರ್ಷ ಆಗಿರಲಿಲ್ಲ. ಮೂಡುಬಿದಿರೆ ಕಡೆಯ ಅಜ್ಜಿಯೊಬ್ಬರಿಗೆ ಮರುದಿನ ಬೆಳಿಗ್ಗೆ ಪಿತ್ತಕೋಶದ ಕಲ್ಲಿನ ಆಪರೇಷನ್ ಇತ್ತು. ಡ್ಯೂಟಿ ಮುಗಿಸುವ ಗಡಿಬಿಡಿಯಲ್ಲಿ ಅವರ ಮಂಚದ ಕಾಲಬುಡದಲ್ಲೇ ನಿಂತು ಹೇಳಿದೆ: "ಅಜ್ಜಿ, ನಾಳೆ ಆಪರೇಷನ್. ರಾತ್ರಿ ಊಟ ಆದ ಮೇಲೆ ಏನೂ ತಿನ್ನಬಾರದು, ಆಯ್ತಾ?" ಅಜ್ಜಿ ತಲೆಯಾಡಿಸಿ ತುಳುವಿನಲ್ಲಿ "ಆವು ಸಿಸ್ಟರ್" (ಆಗಲಿ ಸಿಸ್ಟರ್) ಅಂದರು. 'ರೋಗಿಗೆ ತಿಳಿಸಲಾಗಿದೆ' ಅಂತ ಬರೆದು ನಾನು ಬಸ್ ಹಿಡಿದೆ.

ಮರುದಿನ ಬೆಳಗಿನ ಪಾಳಿಯೂ ನನ್ನದೇ. ಥಿಯೇಟರಿಗೆ ಕರೆದುಕೊಂಡು ಹೋಗಲು ಬಂದರೆ ಮಂಚದ ಪಕ್ಕ ಒಂದು ಸ್ಟೀಲ್ ಲೋಟ. ಅದರ ಬುಡದಲ್ಲಿ ಕುಚ್ಚಲಕ್ಕಿಯ ನಾಲ್ಕು ಅಗುಳು. ನನ್ನ ಮುಖ ನೋಡಿ ಅಜ್ಜಿಯೇ ಹೇಳಿದರು: "ತಿಂದಿಲ್ಲ ಮಗಾ. ತೆಳಿ ಕುಡಿದದ್ದು ಅಷ್ಟೇ."

ತೆಳಿ ಅಂದರೆ ಗಂಜಿಯ ನೀರು. ಆಪರೇಷನ್ ಎರಡು ದಿನ ಮುಂದೆ ಹೋಯಿತು. ರಜೆ ಹಾಕಿ ಬಂದಿದ್ದ ಮಗ ಸಿಟ್ಟಾದ, ಡಾಕ್ಟರು ಸಿಟ್ಟಾದರು. ಅಜ್ಜಿಯದ್ದು ಏನೂ ತಪ್ಪಿರಲಿಲ್ಲ. ನಾನು 'ತಿನ್ನಬಾರದು' ಅಂದೆ, ಅವರು ತಿನ್ನಲಿಲ್ಲ.

ಇಷ್ಟು ವರ್ಷದ ಕೆಲಸದಲ್ಲಿ ನಾನು ಕಂಡ ಎಡವಟ್ಟುಗಳಲ್ಲಿ ಜಾಸ್ತಿ ಇದೇ ಜಾತಿಯವು. ಹೇಳುವವರು ಹೇಳಿರುತ್ತಾರೆ, ಕೇಳುವವರು ಕೇಳಿರುತ್ತಾರೆ. ಹೇಳಿದ್ದು ಹೇಳಿದ ಹಾಗೆ ಮುಟ್ಟಿತಾ ಅಂತ ಮಾತ್ರ ಯಾರೂ ನೋಡಿರುವುದಿಲ್ಲ. ಹೊಸದಾಗಿ ವಾರ್ಡಿಗೆ ಬಂದವರಿಗೆ, ನರ್ಸಿಂಗ್ ಓದುತ್ತಿರುವವರಿಗೆ ನಾನು ಹೇಳಿಕೊಡುವ ಕ್ರಮವನ್ನು ಇಲ್ಲಿ ಬರೆದಿದ್ದೇನೆ.

ಹೆಜ್ಜೆ 1: ಮೊದಲು ನಿಮ್ಮ ಹೆಸರು, ಆಮೇಲೆ ಅವರದು

ಮಂಚದ ಹತ್ತಿರ ಹೋದ ಕೂಡಲೇ ಕೈ ಸೂಜಿಯ ಕಡೆ ಹೋಗಬಾರದು. ನಿಮ್ಮ ಹೆಸರು ಹೇಳಿ, ಯಾಕೆ ಬಂದಿದ್ದೀರಿ ಅಂತ ಹೇಳಿ. ಸ್ಟೂಲ್ ಇದ್ದರೆ ಎಳೆದು ಕುಳಿತುಕೊಳ್ಳಿ. ಎರಡೇ ನಿಮಿಷ ಕೂತರೂ ರೋಗಿಗೆ ನೀವು ತುಂಬ ಹೊತ್ತು ಇದ್ದ ಹಾಗೆ ಅನ್ನಿಸುತ್ತದೆ. ನಿಂತೇ ಮಾತಾಡಿದರೆ ಹೊರಡಲು ಕಾಯುತ್ತಿದ್ದೀರಿ ಅನ್ನಿಸುತ್ತದೆ.

ಹೆಸರು ಕೇಳುವುದಕ್ಕೂ ಒಂದು ಕ್ರಮ ಇದೆ. "ನೀವು ಲೀಲಾ ಅಲ್ವಾ?" ಅಂತ ಕೇಳಬೇಡಿ. ಅರೆನಿದ್ದೆಯಲ್ಲಿರುವವರು, ಕಿವಿ ಮಂದ ಇರುವವರು ಯಾವ ಹೆಸರಿಗೂ "ಹೂಂ" ಅನ್ನುತ್ತಾರೆ. "ನಿಮ್ಮ ಪೂರ್ತಿ ಹೆಸರು ಹೇಳಿ" ಅನ್ನಿ. ಅವರು ಹೇಳಿದ್ದನ್ನು ಕೈಪಟ್ಟಿಯ ಹೆಸರಿಗೂ ಆಸ್ಪತ್ರೆ ನಂಬರಿಗೂ ಹೋಲಿಸಿ. ಬೆಡ್ ನಂಬರ್ ಗುರುತಲ್ಲ, ಬೆಡ್ ಬದಲಾಗುತ್ತದೆ. ನಮ್ಮ ಊರಿನಲ್ಲಂತೂ ಒಂದೇ ವಾರ್ಡಿನಲ್ಲಿ ಮೂವರು ಪೂಜಾರಿ, ಇಬ್ಬರು ಡಿಸೋಜ, ನಾಲ್ವರು ಮಹಮ್ಮದ್ ಇರುವುದು ಮಾಮೂಲು.

ಏನಂತ ಕರೆಯಬೇಕು? ಹಿರಿಯರಿಗೆ ಅಮ್ಮ, ಅಜ್ಜ, ಅಣ್ಣ, ಅಕ್ಕ ನಡೆಯುತ್ತದೆ. ಆದರೆ ಮೊದಲ ದಿನ ಅವರನ್ನೇ ಕೇಳಿಬಿಡಿ. 55 ವರ್ಷದ ಟೀಚರ್ ಒಬ್ಬರನ್ನು ನಮ್ಮ ವಿದ್ಯಾರ್ಥಿನಿ 'ಅಜ್ಜಿ' ಅಂದುಬಿಟ್ಟಳು. ಅವರು ಡಿಸ್ಚಾರ್ಜ್ ಆಗುವವರೆಗೂ ಆಕೆಯ ಹತ್ತಿರ ಬಿಪಿ ನೋಡಿಸಿಕೊಳ್ಳಲಿಲ್ಲ!

ಹೆಜ್ಜೆ 2: ಯಾವ ಭಾಷೆಯಲ್ಲಿ ನೋವು?

ಮಂಗಳೂರಿನ ಸರಕಾರಿ ವೆನ್ಲಾಕ್‌ನಂಥ ಆಸ್ಪತ್ರೆಯ ಒಂದು ವಾರ್ಡಿನಲ್ಲಿ ಒಂದು ಸುತ್ತು ಹಾಕಿ ನೋಡಿ. ತುಳು, ಕೊಂಕಣಿ, ಬ್ಯಾರಿ, ಮಲಯಾಳಂ, ಕುಂದಾಪುರ ಕನ್ನಡ, ಘಟ್ಟದ ಮೇಲಿನ ಕನ್ನಡ, ಹಿಂದಿ ಎಲ್ಲವೂ ಕಿವಿಗೆ ಬೀಳುತ್ತವೆ. ಕಾಸರಗೋಡು, ಚಿಕ್ಕಮಗಳೂರು, ಶಿವಮೊಗ್ಗ, ಕೊಡಗು, ಉತ್ತರ ಕನ್ನಡದಿಂದಲೂ ರೋಗಿಗಳು ಇಲ್ಲಿಗೇ ಬರುತ್ತಾರೆ. ನರ್ಸುಗಳಲ್ಲಿ ಕೇರಳದವರು ತುಂಬ ಜನ. ಕನ್ನಡ ಬರುತ್ತದೆ ಅಂತ ಹೇಳುವ ರೋಗಿಯೂ ನೋವು ಜೋರಾದಾಗ ಮನೆಮಾತಿಗೇ ಜಾರುತ್ತಾರೆ.

ಎಲ್ಲ ಭಾಷೆ ಕಲಿಯಿರಿ ಅನ್ನುತ್ತಿಲ್ಲ. ಜೇಬಿನಲ್ಲಿ ಒಂದು ಸಣ್ಣ ಪುಸ್ತಕ ಇಟ್ಟುಕೊಳ್ಳಿ, ಭಾಷೆಗೆ ಹತ್ತು ಮಾತು ಸಾಕು. ತುಳುವಿನಲ್ಲಿ 'ಓಲು ಬೇನೆ?' ಅಂದರೆ ಎಲ್ಲಿ ನೋವು, 'ಉಣಸ್ ಆಂಡಾ?' ಅಂದರೆ ಊಟ ಆಯ್ತಾ, 'ಪೋಡಿಯೊಡ್ಚಿ' ಅಂದರೆ ಹೆದರಬೇಡಿ. ತರೆ ತಲೆ, ಬಂಜಿ ಹೊಟ್ಟೆ. ಎದೆಗೆ ತಿಗಲೆ ಅನ್ನುತ್ತಾರೆ. ಈ ಒಂದು ಶಬ್ದ ಗೊತ್ತಿಲ್ಲದಿದ್ದರೆ "ತಿಗಲೆ ಬೇನೆ" ಅಂದವರನ್ನು ಸುಮ್ನೆ ಕೂರಿಸಿಬಿಡುತ್ತೀರಿ. ಕೊಂಕಣಿಯವರಿಗೆ 'ಖಂಯ್ ದುಕ್ತಾ?', ಮಲಯಾಳಂನವರಿಗೆ 'ಎವಿಡೆಯಾ ವೇದನ?' ಗೊತ್ತಿದ್ದರೆ ಕೆಲಸ ಶುರುವಾಗುತ್ತದೆ.

ಒಂದೇ ಶಬ್ದ ಬೇರೆ ಬೇರೆ ಅರ್ಥ ಕೊಡುವುದೂ ಇದೆ. ತುಳುವಿನಲ್ಲಿ ಹಲ್ಲುನೋವೂ ಬೇನೆಯೇ. ಘಟ್ಟದ ಮೇಲಿನಿಂದ ಬಂದ ಬಸುರಿ "ಬೇನೆ ಶುರುವಾಯ್ತು" ಅಂದರೆ ಹೆರಿಗೆ ಕೋಣೆಗೆ ಓಡಬೇಕು. 'ಹೊರಗೆ ಹೋಗುವುದು' ಬೇರೆ, 'ಹೊರಗಾಗುವುದು' ಬೇರೆ. ಮೊದಲನೆಯದು ಸಂಡಾಸು, ಎರಡನೆಯದು ಮುಟ್ಟು. ಸಂಶಯ ಬಂದರೆ ನಾಚಿಕೆ ಬಿಟ್ಟು ಬಿಡಿಸಿ ಕೇಳಿ.

ಮನೆಯವರು ದುಭಾಷಿ ಆದಾಗ ಒಂದು ತಮಾಷೆ ನಡೆಯುತ್ತದೆ. ಅಜ್ಜಿ ಎರಡು ನಿಮಿಷ ಕೈ ತಿರುಗಿಸಿ, ಹೊಟ್ಟೆ ಮುಟ್ಟಿ, ಕಣ್ಣೊರೆಸಿ ಏನೇನೋ ಹೇಳುತ್ತಾರೆ. ಮಗ ಇತ್ತ ತಿರುಗಿ "ಏನಿಲ್ಲ ಅಂತೆ ಸಿಸ್ಟರ್" ಅನ್ನುತ್ತಾನೆ. ಅಲ್ಲಿಗೆ ಬಿಡಬೇಡಿ. "ಅವರು ಹೇಳಿದ್ದನ್ನು ಅವರ ಮಾತಲ್ಲೇ ಹೇಳಿ" ಅನ್ನಿ. ಮೂತ್ರ, ಮುಟ್ಟು, ಗರ್ಭ, ಮನೆಯಲ್ಲಿ ಹೊಡೆತ ಬಡಿತ ಇಂಥ ವಿಷಯಕ್ಕೆ ಮನೆಯವರನ್ನು, ಅದರಲ್ಲೂ ಮಕ್ಕಳನ್ನು ದುಭಾಷಿ ಮಾಡಲೇಬಾರದು. ಆ ಭಾಷೆ ಬರುವ ಸಿಬ್ಬಂದಿಯನ್ನು ಕರೆಯಿರಿ.

ಹೆಜ್ಜೆ 3: ಕೇಳುವ ಪ್ರಶ್ನೆ

ಮೊದಲು ದೊಡ್ಡ ಬಾಗಿಲಿನ ಪ್ರಶ್ನೆ: "ಎಂತ ಆಯ್ತು, ಹೇಳಿ." ಆಮೇಲೆ ಅರ್ಧ ನಿಮಿಷವಾದರೂ ಬಾಯಿ ಮುಚ್ಚಿ ಕೂರಿ. ಇದು ಬಹಳ ಕಷ್ಟ, ನನಗೆ ಈಗಲೂ ಕಷ್ಟ. ಅವರು ನಿಲ್ಲಿಸಿದ ಮೇಲೆ ಎಲ್ಲಿ, ಯಾವಾಗಿನಿಂದ, ಹೇಗೆ, ಏನು ಮಾಡಿದರೆ ಕಡಿಮೆ ಅಂತ ಒಂದೊಂದಾಗಿ ಕೇಳಿ. ಒಟ್ಟಿಗೆ ಮೂರು ಪ್ರಶ್ನೆ ಎಸೆದರೆ ಕೊನೆಯದಕ್ಕೆ ಮಾತ್ರ ಉತ್ತರ ಸಿಗುತ್ತದೆ.

ನೋವನ್ನು 0ಯಿಂದ 10ರವರೆಗೆ ಅಳೆಯಬೇಕು ಅಂತ ಎಲ್ಲರಿಗೂ ಪಾಠ ಆಗಿದೆ. ಅಜ್ಜಂದಿರ ಹತ್ತಿರ ಆ ಲೆಕ್ಕ ನಡೆಯುವುದಿಲ್ಲ. "ಹತ್ತರಲ್ಲಿ ಎಷ್ಟು?" ಅಂದರೆ "ಹತ್ತು ಗಂಟೆಗೇ ಶುರು ಆದದ್ದು" ಅನ್ನುತ್ತಾರೆ. ನಾನು ಆಣೆ ಲೆಕ್ಕದಲ್ಲಿ ಕೇಳುತ್ತೇನೆ. "ನಿನ್ನೆಯ ನೋವು ಒಂದು ರೂಪಾಯಿ ಅಂತ ಇಟ್ಟುಕೊಳ್ಳಿ ಅಜ್ಜ, ಇವತ್ತು ಎಷ್ಟು?" "ಎಂಟಾಣೆ ಇದೆ." ಇದರಿಂದ ಮೊದಲ ನೋವು ಎಷ್ಟಿತ್ತು ಅಂತ ಗೊತ್ತಾಗುವುದಿಲ್ಲ, ಇಂಜೆಕ್ಷನ್ ಕೆಲಸ ಮಾಡಿದೆಯಾ ಇಲ್ಲವಾ ಅಂತ ಗೊತ್ತಾಗುತ್ತದೆ. ಮಕ್ಕಳಿಗಾದರೆ ನಗುವ, ಅಳುವ ಮುಖಗಳ ಚಿತ್ರಪಟ್ಟಿ ಇದೆ, ಅದನ್ನು ತೋರಿಸಿ.

ಕುಡಿತದ ವಿಷಯ ಕೇಳಲೇಬೇಕು. "ಕುಡೀತೀರಾ?" ಅಂತ ಹೆಂಡತಿಯ ಎದುರು ಕೇಳಿದರೆ "ಇಲ್ಲ" ಅನ್ನುವುದು ಬಿಟ್ಟು ಬೇರೆ ಉತ್ತರ ಎಲ್ಲಿಂದ ಬರಬೇಕು? ಪರದೆ ಎಳೆದು, ಒಬ್ಬರೇ ಇದ್ದಾಗ, "ಕೊನೆಯ ಸಲ ಕುಡಿದದ್ದು ಯಾವತ್ತು? ಬೈಯಲಿಕ್ಕೆ ಅಲ್ಲ, ಮದ್ದು ಸರಿ ಮಾಡಲಿಕ್ಕೆ" ಅನ್ನಿ. ದಿನಾ ಕುಡಿಯುವವರು ಅಡ್ಮಿಟ್ ಆಗಿ ಕುಡಿತ ನಿಂತರೆ ಮೊದಲ ದಿನವೇ ಕೈ ನಡುಕ, ಬೆವರು ಶುರುವಾಗಬಹುದು. ಎರಡರಿಂದ ನಾಲ್ಕು ದಿನದೊಳಗೆ ಬಡಬಡಿಕೆ, ಇಲ್ಲದ್ದು ಕಾಣುವುದು, ಫಿಟ್ಸ್ ತನಕ ಹೋಗಬಹುದು, ಜೀವಕ್ಕೂ ಅಪಾಯ. ಮೊದಲೇ ಗೊತ್ತಿದ್ದರೆ ಡಾಕ್ಟರು ತಡೆಯುತ್ತಾರೆ.

ಮನೆಮದ್ದಿನದ್ದೂ ಇದೇ ಕತೆ. ನಕ್ಕರೆ ಮುಗಿಯಿತು, ಮುಂದೆ ಯಾರೂ ಹೇಳುವುದಿಲ್ಲ. ಆಟಿ ತಿಂಗಳ ಅಮಾವಾಸ್ಯೆಗೆ ನಮ್ಮಲ್ಲಿ ಪಾಲೆ ಮರದ ಕೆತ್ತೆಯ (ತೊಗಟೆಯ) ಕಷಾಯ ಕುಡಿಯುತ್ತಾರೆ. ಅದರ ಮರುದಿನ ಹೊಟ್ಟೆನೋವು, ವಾಂತಿ ಅಂತ ಬಂದವರಿಗೆ "ಕಷಾಯ ಕುಡಿದಿರಾ? ಕೆತ್ತೆ ತಂದದ್ದು ಯಾರು?" ಅಂತ ಸಹಜವಾಗಿ ಕೇಳಿ. ಪಾಲೆ ಮರ ಅಂದುಕೊಂಡು ಬೇರೆ ಮರದ ಕೆತ್ತೆ ತಂದಿದ್ದರೂ ತಂದಿರಬಹುದು.

ಹೆಜ್ಜೆ 4: ಹೇಳಿ, ಆಮೇಲೆ ಅವರ ಬಾಯಿಂದ ಕೇಳಿಸಿಕೊಳ್ಳಿ

ಉಳಿದದ್ದೆಲ್ಲ ಮರೆತರೂ ಈ ಹೆಜ್ಜೆ ಮರೆಯಬೇಡಿ.

"ಅರ್ಥ ಆಯ್ತಾ?" ಎಂಬ ಪ್ರಶ್ನೆಯನ್ನು ಇವತ್ತೇ ಬಿಟ್ಟುಬಿಡಿ. ಅದಕ್ಕೆ ನಮ್ಮಲ್ಲಿ ಒಂದೇ ಉತ್ತರ: ಆವು. ಬಿಳಿ ಬಟ್ಟೆ ಹಾಕಿದವರ ಎದುರು ಅರ್ಥ ಆಗಿಲ್ಲ ಅನ್ನಲು ಯಾರಿಗೂ ಮನಸ್ಸು ಬರುವುದಿಲ್ಲ. 'ಆವು' ಅಂದರೆ ಆಗಲಿ ಅಂತ. ನೀವು ದೊಡ್ಡವರು, ಹೇಳಿದಿರಿ, ಆಗಲಿ. ಅಷ್ಟೇ. ಅದರಲ್ಲಿ ಅರ್ಥವಾದ ಸುದ್ದಿ ಇಲ್ಲ.

ಅದರ ಬದಲು ತಪ್ಪನ್ನು ನಿಮ್ಮ ಮೇಲೆ ಹಾಕಿಕೊಂಡು ಕೇಳಿ. "ನಾನು ಸರಿ ಹೇಳಿದ್ನಾ ಅಂತ ನೋಡುವ. ಮನೆಯಲ್ಲಿ ಮಗಳು ಕೇಳಿದರೆ ಏನಂತ ಹೇಳ್ತೀರಿ?" ಹೀಗೆ ಕೇಳಿದಾಗ ಪರೀಕ್ಷೆ ಅನ್ನಿಸುವುದಿಲ್ಲ. ಅವರು ಹೇಳುವುದರಲ್ಲಿ ಎಲ್ಲಿ ತಪ್ಪಿತೋ ಅಷ್ಟನ್ನು ಮಾತ್ರ ಮತ್ತೆ ಬೇರೆ ಮಾತಿನಲ್ಲಿ ಹೇಳಿ, ಇನ್ನೊಮ್ಮೆ ಕೇಳಿ. ಒಂದು ಸಲಕ್ಕೆ ಮೂರಕ್ಕಿಂತ ಹೆಚ್ಚು ವಿಷಯ ಬೇಡ.

ಆ ಅಜ್ಜಿಗೆ ಎರಡನೇ ಸಲ ಹೇಳುವಾಗ ನಾನು ಪಟ್ಟಿಯನ್ನೇ ಹೇಳಿದೆ. "ಡಾಕ್ಟರು ಹೇಳಿದ ಗಂಟೆ ಕಳೆದ ಮೇಲೆ ಬಾಯಿಗೆ ಏನೂ ಹೋಗಬಾರದು. ಊಟ ಇಲ್ಲ, ತೆಳಿ ಇಲ್ಲ, ಚಾ ಇಲ್ಲ, ಎಳನೀರಿಲ್ಲ, ಎಲೆಅಡಿಕೆಯೂ ಇಲ್ಲ." ಯಾಕೆ ಅಂತಲೂ ಹೇಳಿದೆ: ಹೊಟ್ಟೆಯಲ್ಲಿ ಇದ್ದದ್ದು ಅರಿವಳಿಕೆ ಕೊಟ್ಟಾಗ ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ. ಹಿಂದಿನ ಸಲ ಈ 'ಯಾಕೆ'ಯನ್ನೂ ನಾನು ಹೇಳಿರಲಿಲ್ಲ. ಅಜ್ಜಿ ಬೆರಳು ಮಡಚಿ ಐದನ್ನೂ ಒಪ್ಪಿಸಿದರು. ಸ್ವಲ್ಪ ಹೊತ್ತು ಯೋಚಿಸಿ, "ಉಗುಳು ನುಂಗಬಹುದಾ ಸಿಸ್ಟರ್?" ಅಂತ ಕೇಳಿದರು. ಆಗ ಗೊತ್ತಾಯಿತು, ಈ ಸಲ ಮುಟ್ಟಿದೆ.

(ಸಾಮಾನ್ಯ ಲೆಕ್ಕದಲ್ಲಿ ಹಗುರ ಊಟಕ್ಕೆ 6 ಗಂಟೆ, ಎಣ್ಣೆ ಮಾಂಸದ ಊಟಕ್ಕೆ 8 ಗಂಟೆ ಅಥವಾ ಜಾಸ್ತಿ, ಬರೀ ನೀರಿಗೆ 2 ಗಂಟೆ ಅಂತರ ಬೇಕು. ತೆಳಿ ಬರೀ ನೀರಲ್ಲ. ನಿಮ್ಮ ರೋಗಿಗೆ ಎಷ್ಟು ಅಂತ ಅರಿವಳಿಕೆ ಡಾಕ್ಟರೇ ಹೇಳಬೇಕು. ಬೆಳಗಿನ ಬಿಪಿ, ಶುಗರ್ ಮಾತ್ರೆ ಏನು ಮಾಡಬೇಕು ಅಂತಲೂ ಅವರನ್ನೇ ಕೇಳಿ ಬರೆದಿಟ್ಟುಕೊಳ್ಳಿ.)

ಮಾತ್ರೆ ಹೇಳುವಾಗ "ದಿನಕ್ಕೆ ಎರಡು" ಅನ್ನಬೇಡಿ. ಎರಡನ್ನೂ ಒಟ್ಟಿಗೆ ನುಂಗಿದವರನ್ನು ಕಂಡಿದ್ದೇನೆ. ಚೀಟಿಯ ಮೇಲಿನ 1-0-1 (ಬೆಳಿಗ್ಗೆ ಒಂದು, ಮಧ್ಯಾಹ್ನ ಇಲ್ಲ, ರಾತ್ರಿ ಒಂದು) ಕೂಡ ನಮಗೆ ಮಾತ್ರ ಅರ್ಥವಾಗುವ ಲಿಪಿ. ಅವರ ದಿನ ಹೇಗೆ ಸಾಗುತ್ತದೆ ಅಂತ ಕೇಳಿ, ಅದಕ್ಕೆ ಮಾತ್ರೆ ಕಟ್ಟಿ. ಬೀಡಿ ಕಟ್ಟುವ ಅಕ್ಕನಿಗೆ "ಬೀಡಿ ಕೊಡಲಿಕ್ಕೆ ಬ್ರಾಂಚಿಗೆ ಹೊರಡುವ ಮೊದಲು, ತಿಂಡಿ ಆದ ಮೇಲೆ ಒಂದು" ಅಂದರೆ ಮರೆಯುವುದಿಲ್ಲ. ಬೇರೆಯವರಿಗೆ ಮಸೀದಿಯ ಸಂಜೆಯ ಬಾಂಗ್ ಇದೆ, ಚರ್ಚಿನ ಗಂಟೆ ಇದೆ, ರಾತ್ರಿಯ ಧಾರಾವಾಹಿ ಇದೆ. ರಂಜಾನ್ ಹತ್ತಿರ ಬಂದಿದ್ದರೆ ಉಪವಾಸ ಹಿಡಿಯುತ್ತೀರಾ ಅಂತ ನೀವೇ ಕೇಳಿ, ಹೊತ್ತು ಬದಲಿಸಲು ಡಾಕ್ಟರ ಹತ್ತಿರ ಮಾತಾಡಿ.

ಕೈಯಲ್ಲಿ ಮಾಡುವ ಕೆಲಸವನ್ನು ಬಾಯಲ್ಲಿ ಹೇಳಿಸಿದರೆ ಸಾಲದು, ಮಾಡಿಸಿಯೇ ನೋಡಬೇಕು. ಇನ್ಸುಲಿನ್ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಬಾಟಲಿಯ ಇನ್ಸುಲಿನ್ ಹೆಚ್ಚಾಗಿ ಮಿಲಿಗೆ 40 ಯೂನಿಟ್‌ನದು, ಅದರ ಸಿರಿಂಜಿಗೆ ಕೆಂಪು ಮುಚ್ಚಳ. 100 ಯೂನಿಟ್‌ನದೂ ಇದೆ, ಅದರ ಸಿರಿಂಜಿಗೆ ಕಿತ್ತಳೆ ಮುಚ್ಚಳ. 100ರ ಇನ್ಸುಲಿನನ್ನು ಕೆಂಪು ಮುಚ್ಚಳದ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 20 ಅಲ್ಲ, 50 ಯೂನಿಟ್. ಶುಗರ್ ಇಳಿದು ಎಚ್ಚರ ತಪ್ಪಲು ಅಷ್ಟು ಧಾರಾಳ ಸಾಕು. ಆದ್ದರಿಂದ ಡಿಸ್ಚಾರ್ಜಿನ ಹಿಂದಿನ ದಿನವೇ ಅವರ ಕೈಗೆ ಸಿರಿಂಜ್ ಕೊಟ್ಟು ಎಳೆಸಿ. ಮನೆಯಲ್ಲಿ ಚುಚ್ಚುವುದು ಸೊಸೆಯಾದರೆ ಸೊಸೆಯನ್ನೇ ಕರೆಸಿ. ಮಾವ ಕಲಿತು ಏನು ಪ್ರಯೋಜನ?

ಹೆಜ್ಜೆ 5: ರಾತ್ರಿ 2 ಗಂಟೆಗೆ ಡಾಕ್ಟರಿಗೆ ಫೋನ್

ಹೊಸಬರು ಹೆದರುವುದು ಇಲ್ಲಿ. ಹೆದರಿಕೆಯಲ್ಲಿ ಮಾತು ಹೀಗಾಗುತ್ತದೆ:

"ಸರ್, ಸಾರಿ ಸರ್... 12ನೇ ಬೆಡ್ಡಿನವರು ಯಾಕೋ ಸರಿ ಇಲ್ಲ ಸರ್. ಬಿಪಿ ಸ್ವಲ್ಪ ಕಡಿಮೆ ಇದೆ."

"ಹೂಂ, ನೋಡ್ತಾ ಇರಿ."

ಫೋನ್ ಇಟ್ಟಾಯಿತು. ಡಾಕ್ಟರರನ್ನು ಬೈಯುವ ಮೊದಲು ಯೋಚಿಸಿ, ನಿದ್ದೆಯಿಂದ ಎದ್ದ ಮನುಷ್ಯನಿಗೆ ನೀವು ಕೊಟ್ಟದ್ದೇನು? 'ಯಾಕೋ', 'ಸ್ವಲ್ಪ'. ಅಷ್ಟೇ.

ಇದಕ್ಕೆ ಎಸ್‌ಬಾರ್ (SBAR) ಅಂತ ಒಂದು ಕ್ರಮ ಇದೆ. ಅಮೆರಿಕದ ನೌಕಾಪಡೆಯ ಜಲಾಂತರ್ಗಾಮಿಗಳಲ್ಲಿ ಹುಟ್ಟಿ ಆಸ್ಪತ್ರೆಗಳಿಗೆ ಬಂದದ್ದು. ನಮ್ಮ ಮಾತಿನಲ್ಲಿ ನಾಲ್ಕು ಪ್ರಶ್ನೆ: ಈಗ ಏನಾಗಿದೆ? ಮೊದಲು ಏನಿತ್ತು? ನನಗೆ ಏನು ಅನ್ನಿಸುತ್ತಿದೆ? ನಿಮ್ಮಿಂದ ಏನು ಬೇಕು? ಫೋನ್ ಎತ್ತುವ ಮೊದಲು ಚೀಟಿಯಲ್ಲಿ ನಾಲ್ಕು ಸಾಲು ಬರೆಯಿರಿ. ಕೇಸ್‌ಶೀಟ್ ಎದುರಿಗಿರಲಿ. ಬಿಪಿ, ನಾಡಿ ಆಗಷ್ಟೇ ನೋಡಿದ್ದಾಗಿರಲಿ.

"ಸರ್, ಸರ್ಜಿಕಲ್ ವಾರ್ಡಿನಿಂದ ಸ್ಟಾಫ್ ನರ್ಸ್ ಮಾತಾಡುವುದು. 12ನೇ ಬೆಡ್ಡಿನ, 58 ವರ್ಷದ ರೋಗಿ. ಬಿಪಿ 90/60ಕ್ಕೆ ಇಳಿದಿದೆ, ನಾಡಿ 124. ನಿನ್ನೆ ಕರುಳಿನ ಆಪರೇಷನ್ ಆದದ್ದು, 10 ಗಂಟೆಗೆ ಬಿಪಿ 130/80 ಇತ್ತು. ಎರಡು ಗಂಟೆಯಲ್ಲಿ ಮೂತ್ರ ಒಟ್ಟು 25 ಮಿಲಿ. ಹೊಟ್ಟೆ ಬಿಗಿಯಾಗಿದೆ, ಕೈಕಾಲು ತಣ್ಣಗಿದೆ. ಒಳಗೆ ರಕ್ತ ಹೋಗ್ತಾ ಇದೆಯೋ ಅಂತ ನನಗೆ ಹೆದರಿಕೆ. ನೀವು ಈಗಲೇ ಬಂದು ನೋಡಬೇಕು. ಬರುವಷ್ಟರಲ್ಲಿ ನಾನೇನು ಶುರು ಮಾಡಲಿ?"

ಓದಿ ನೋಡಿ, ಒಂದು ನಿಮಿಷವೂ ಆಗುವುದಿಲ್ಲ. ಜಾಸ್ತಿ ಜನ ಎಡವುವುದು ಕೊನೆಯ ಎರಡು ಪ್ರಶ್ನೆಯಲ್ಲಿ. "ನನಗೆ ಅನ್ನಿಸುತ್ತದೆ" ಅನ್ನಲು ನರ್ಸಿಗೆ ಏನು ಅಧಿಕಾರ ಎಂಬ ಸಂಕೋಚ. ರೋಗಿಯ ಹತ್ತಿರ ಇರುವುದು ನೀವು, ಆ ತಣ್ಣಗಿನ ಕೈ ಮುಟ್ಟಿದ್ದು ನೀವು. ರೋಗ ಯಾವುದು ಅಂತ ಗೊತ್ತಾಗದಿದ್ದರೂ ಪರವಾಗಿಲ್ಲ, "ಏನಂತ ಗೊತ್ತಿಲ್ಲ, ಆದರೆ ಕೆಡ್ತಾ ಇದ್ದಾರೆ" ಅಂದರೂ ಸಾಕು.

ಫೋನಿನಲ್ಲಿ ಹೇಳಿದ ಮದ್ದನ್ನು ಮೊದಲು ಬರೆದುಕೊಳ್ಳಿ. ಬರೆದದ್ದನ್ನು ಓದಿ ಹೇಳಿ. "ಸರಿ" ಅಂತ ಆ ಕಡೆಯಿಂದ ಬಂದ ಮೇಲೆಯೇ ಕೊಡಿ. ಇಂಗ್ಲಿಷಿನ ಫಿಫ್ಟೀನ್ ಮತ್ತು ಫಿಫ್ಟಿ ಫೋನಿನಲ್ಲಿ ಒಂದೇ ಥರ ಕೇಳುತ್ತವೆ. "ಒನ್ ಫೈವ್" ಅಂತ ಬಿಡಿಸಿ ಕೇಳಿ. ಹದಿನೈದು, ಐವತ್ತು ಅಂದುಬಿಟ್ಟರೆ ಈ ತಾಪತ್ರಯವೇ ಇಲ್ಲ, ಆದರೆ ಯಾರೂ ಅನ್ನುವುದಿಲ್ಲ.

ಒಂದು ಸಲ ಹೇಳಿದ್ದಕ್ಕೆ ಆ ಕಡೆಯಿಂದ ಕೆಲಸ ಆಗದಿದ್ದರೆ ಎರಡನೇ ಸಲ ಇನ್ನೂ ಸ್ಪಷ್ಟವಾಗಿ ಹೇಳಿ. ಆಗಲೂ ಆಗದಿದ್ದರೆ ಇನ್‌ಚಾರ್ಜ್ ಸಿಸ್ಟರಿಗೆ, ಅವರ ಮೇಲಿನ ಡಾಕ್ಟರಿಗೆ ಹೇಳಿ. ಯಾರಿಗೆ, ಎಷ್ಟು ಗಂಟೆಗೆ ಹೇಳಿದಿರಿ ಅಂತ ಬರೆದಿಡಿ.

ಹೆಜ್ಜೆ 6: ಪಾಳಿ ಬದಲಾಗುವಾಗ

ನರ್ಸಿಂಗ್ ಸ್ಟೇಷನ್ನಿನಲ್ಲಿ ಕೂತು ಓದಿ ಹೇಳುವುದಕ್ಕಿಂತ ಮಂಚದ ಹತ್ತಿರವೇ ನಿಂತು ಒಪ್ಪಿಸಿ. ಡ್ರಿಪ್ ಎಷ್ಟು ಉಳಿದಿದೆ, ಯಾವ ರಿಪೋರ್ಟ್ ಬರಲಿಕ್ಕಿದೆ, ಯಾವ ಮದ್ದಿನ ಅಲರ್ಜಿ ಇದೆ, ಇಷ್ಟು ತಪ್ಪಬಾರದು. ಎಲ್ಲರೆದುರು ಹೇಳಬಾರದ್ದನ್ನು ಆಚೆ ಬಂದು ಹೇಳಿ.

ಸ್ಟೇಟ್‌ಬ್ಯಾಂಕ್ ಸ್ಟ್ಯಾಂಡಿಗೆ ಹೋಗುವ ಬಸ್ಸಿನಲ್ಲಿ ರೋಗಿಯ ವಿಷಯ ಮಾತಾಡಲೇಬೇಡಿ. ಹೆಸರು ಹೇಳದಿದ್ದರೂ ಬೇಡ. ಈ ಊರಿನಲ್ಲಿ ಹಿಂದಿನ ಸೀಟಿನವರು ರೋಗಿಯ ಭಾವನೋ ನಾದಿನಿಯೋ ಆಗಿರುತ್ತಾರೆ. ವಾಟ್ಸ್ಆ್ಯಪಿಗೂ ಇದೇ ಮಾತು.

ಹೆಜ್ಜೆ 7: ಸಿಟ್ಟು ಮತ್ತು ಅಳು

ಸಿಟ್ಟಾಗಿ ಬಂದ ಮನೆಯವರಿಗೆ "ಸಮಾಧಾನ ಮಾಡಿಕೊಳ್ಳಿ" ಅಂದರೆ ಸಿಟ್ಟು ಇನ್ನೂ ಏರುತ್ತದೆ. ಕಾರಿಡಾರಿನಿಂದ ಬದಿಗೆ ಕರೆದು, ಕೂರಿಸಿ, ಪೂರ್ತಿ ಹೇಳಲು ಬಿಡಿ. ಆಮೇಲೆ ಗೊತ್ತಿರುವುದನ್ನು ಮಾತ್ರ ಹೇಳಿ, ಮುಂದಿನ ಸುದ್ದಿ ಯಾವಾಗ ಅಂತ ಗಂಟೆ ಸಮೇತ ಹೇಳಿ. "ಆರು ಗಂಟೆಗೆ ಬಂದು ಹೇಳ್ತೇನೆ" ಅಂದರೆ ಹೇಳಲು ಹೊಸತೇನೂ ಇಲ್ಲದಿದ್ದರೂ ಆರಕ್ಕೆ ಹೋಗಿ. ಕಾಯಿಸಿ ಮರೆತದ್ದಕ್ಕೆ ಎದ್ದ ಜಗಳಗಳನ್ನು ನಾನು ತುಂಬ ಕಂಡಿದ್ದೇನೆ. ಕೈ ಎತ್ತುವ ಲಕ್ಷಣ ಕಂಡರೆ ಮಾತ್ರ ಮಾತು ಬಿಡಿ, ಬಾಗಿಲಿನ ಕಡೆ ಸರಿಯಿರಿ, ಸೆಕ್ಯುರಿಟಿ ಕರೆಯಿರಿ. ಆರೋಗ್ಯ ಸಿಬ್ಬಂದಿಯ ಮೇಲಿನ ಹಲ್ಲೆ ತಡೆಯಲು ಕರ್ನಾಟಕದಲ್ಲಿ 2009ರ ಕಾಯ್ದೆಯೇ ಇದೆ.

ಕೆಟ್ಟ ಸುದ್ದಿ ಹೇಳುವುದು ಡಾಕ್ಟರ ಕೆಲಸ, ಆಮೇಲಿನ ಹೊತ್ತು ನರ್ಸಿನದು. ಡಾಕ್ಟರು ಹೋದ ಮೇಲೆ ಹತ್ತು ನಿಮಿಷ ಬಿಟ್ಟು ಹೋಗಿ, "ಡಾಕ್ಟರು ಹೇಳಿದ್ದರಲ್ಲಿ ನಿಮಗೆ ಎಷ್ಟು ಸಿಕ್ಕಿತು?" ಅಂತ ಕೇಳಿ. 'ಕ್ಯಾನ್ಸರ್' ಎಂಬ ಶಬ್ದದ ಆಚೆ ಏನೂ ಕಿವಿಗೆ ಬಿದ್ದಿರುವುದಿಲ್ಲ. "ಎಲ್ಲ ಸರಿ ಹೋಗ್ತದೆ" ಅನ್ನಬೇಡಿ, ನಿಮಗೆ ಅದು ಗೊತ್ತಿಲ್ಲ. "ನಾನು ಇಲ್ಲೇ ಇದ್ದೇನೆ, ರಾತ್ರಿ 8ರ ತನಕ" ಅನ್ನಿ.

ಹೆಜ್ಜೆ 8: ಡಿಸ್ಚಾರ್ಜ್, ಮತ್ತು ಬಾಗಿಲಲ್ಲಿ ಬರುವ ಪ್ರಶ್ನೆ

ಚೀಟಿ ಕೊಟ್ಟು "ಏನಾದರೂ ಕೇಳಲಿಕ್ಕಿದೆಯಾ?" ಅಂದರೆ "ಇಲ್ಲ" ಅಂತ ಬರುತ್ತದೆ. "ಏನೇನು ಕೇಳಲಿಕ್ಕಿದೆ?" ಅನ್ನಿ, ಎರಡಾದರೂ ಬರುತ್ತವೆ. ಆದರೆ ನಮ್ಮ ಕಡೆಯ ಅಸಲಿ ಪ್ರಶ್ನೆ ಬರುವುದು ಚೀಲ ಹಿಡಿದು ಬಾಗಿಲ ತನಕ ಹೋದ ಮೇಲೆ. ತಿರುಗಿ ನಿಂತು, ಸ್ವರ ಇಳಿಸಿ: "ಸಿಸ್ಟರ್, ಮೀನು ತಿನ್ನಬಹುದಾ?"

ಇದಕ್ಕೆ ನಕ್ಕು "ಹೂಂ" ಅಂದು ಕಳಿಸಬೇಡಿ. ಹೊಲಿಗೆ ಹಾಕಿದ ಗಾಯಕ್ಕೆ ಮೀನು, ಸಿಗಡಿ, ಬದನೆ ನಂಜು ಅಂತ ಮನೆಯಲ್ಲಿ ಹೇಳುವವರು ಇದ್ದೇ ಇರುತ್ತಾರೆ. ನೀವು ಹೂಂ ಅಂದರೂ ಅಲ್ಲಿ ತಿಂಗಳಿಡೀ ಗಂಜಿ, ಉಪ್ಪಿನಕಾಯಿ ಮಾತ್ರ. ಗಾಯ ಮಾಗಲು ಪ್ರೊಟೀನ್ ಬೇಕು, ಮೀನಿನಲ್ಲಿ ಅದು ಬೇಕಾದಷ್ಟು ಇದೆ. ಇನ್ನೊಂದು ಕಡೆ ಬಿಪಿ, ಹೃದಯ, ಕಿಡ್ನಿಯ ತೊಂದರೆ ಇರುವವರು ಮೀನು ಅಂದರೆ ಒಣಮೀನನ್ನೂ ಸೇರಿಸಿಕೊಳ್ಳುತ್ತಾರೆ. ಅದರಲ್ಲಿರುವ ಉಪ್ಪು ಅವರಿಗೆ ಆಗುವುದಿಲ್ಲ. ಯಾವ ಮೀನು, ಸಾರಾ ಫ್ರೈಯಾ, ಮನೆಯಲ್ಲಿ ಅಡುಗೆ ಯಾರದ್ದು, ಬೇಡ ಅನ್ನುವ ಅತ್ತೆ ಯಾರು, ಎಲ್ಲ ಕೇಳಬೇಕಾಗುತ್ತದೆ. ಪಥ್ಯದ ಬಗ್ಗೆ ಡಾಕ್ಟರು ಏನು ಬರೆದಿದ್ದಾರೆ ಅಂತಲೂ ನೋಡಬೇಕು. ಆದ್ದರಿಂದ ಚೀಲ ಕೆಳಗಿಡಿಸಿ, ಅವರನ್ನು ಮತ್ತೆ ಮಂಚದ ಮೇಲೆ ಕೂರಿಸಿ, ನೀವೂ ಸ್ಟೂಲ್ ಎಳೆದುಕೊಳ್ಳಿ. ಆಟೋದವನು ಐದು ನಿಮಿಷ ಕಾಯಲಿ.